ಭಾನುವಾರ ಕೇಳಿದ ವಾಚನ ಬುಧವಾರದ ಹೊತ್ತಿಗೆ ಎಲ್ಲಿರುತ್ತದೆ?

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಹಾಜರಿ, ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಚರ್ಚಿನ ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಆದರೆ ಮನೆಗೆ ಬರುವಷ್ಟರಲ್ಲಿ ಬೈಬಲಿನಿಂದ ಓದಿದ ಮೊದಲನೇ ವಾಚನ ಏನಿತ್ತು ಅಂತಲೇ ಮರೆತಿರುತ್ತದೆ. ಅಕ್ಕಪಕ್ಕದ ಮನೆಯವರು ಸೇರುವ ನಮ್ಮ ಕಿರು ಸಮುದಾಯದ ಕೂಟದಲ್ಲಿ ಶುಭಸಂದೇಶ (ಯೇಸುಸ್ವಾಮಿಯ ಬದುಕು, ಮಾತು ಇರುವ ಬೈಬಲ್ ಭಾಗ) ಓದಿ ಒಬ್ಬೊಬ್ಬರೂ ಎರಡು ಮಾತು ಹೇಳಬೇಕು. ಎಲ್ಲರೂ "ಪ್ರೀತಿಯಿಂದ ಇರಬೇಕು, ಕ್ಷಮಿಸಬೇಕು" ಅನ್ನುತ್ತೇವೆ, ಟೀ ಕುಡಿದು ಏಳುತ್ತೇವೆ. ಸೋಮವಾರ ತೋಟಕ್ಕೆ ಹೋದರೆ ಅದೇ ಹಾಜರಿ, ಅದೇ ಕೂಗಾಟ. ವಾರದ ವಾಚನವನ್ನು ಧ್ಯಾನಿಸಿ ಬದುಕಿಗೆ ತಂದುಕೊಳ್ಳಿ ಅಂತ ಫಾದರ್ ಹೇಳುತ್ತಾರೆ. ಅಂದರೆ ನಿಜವಾಗಿ ಏನು ಮಾಡುವುದು? ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಸಮಯ ನನಗಿಲ್ಲ. ಇನ್ನೊಂದು ವಿಷಯ. ನಮ್ಮ ಅಮ್ಮ ಮೂವತ್ತು ವರ್ಷ ತೋಟದಲ್ಲಿ ಕೂಲಿ ಮಾಡಿದವರು, ಓದು ಬರುವುದಿಲ್ಲ. ಅವರನ್ನು ಹೇಗೆ ಸೇರಿಸಿಕೊಳ್ಳಲಿ?

ಉತ್ತರ: ಹತ್ತು ನಿಮಿಷ ಧಾರಾಳವಾಗಿ ಸಾಕು. ಒಂದು ಬದಲಾವಣೆ ಮಾತ್ರ ಮಾಡಿಕೊಳ್ಳಿ. ಮೊದಲ ಓದು ಶನಿವಾರ ಸಂಜೆಯೇ ಆಗಿಬಿಡಲಿ.

ಚರ್ಚಿನಲ್ಲಿ ಮೊದಲ ಸಲ ಕೇಳಿದ ಮಾತು ನಿಲ್ಲುವುದು ಕಷ್ಟ. ಮೈಕು ಗೊರಗೊರ ಅನ್ನುತ್ತಿರುತ್ತದೆ. ಹಿಂದಿನ ಬೆಂಚಿನಲ್ಲಿ ಮಗು ಅಳುತ್ತಿರುತ್ತದೆ. ಓದುವವರು ಊರಿನ ಹೆಸರುಗಳಲ್ಲಿ ತಡವರಿಸುತ್ತಾರೆ. ಅಷ್ಟರಲ್ಲಿ ವಾಚನವೇ ಮುಗಿದಿರುತ್ತದೆ. ಇದಕ್ಕೆ ನಿಮ್ಮ ಭಕ್ತಿ ಕಡಿಮೆ ಅಂತ ಕೊರಗಬೇಡಿ. ಶನಿವಾರ ಒಮ್ಮೆ ಓದಿಕೊಂಡು ಹೋದರೆ, ಭಾನುವಾರ ಕೇಳುವುದು ಎರಡನೇ ಸಲ ಆಗುತ್ತದೆ. ಸಂತೆಯ ಗದ್ದಲದಲ್ಲಿ ಗುರುತಿನವರ ಮುಖ ಸಟ್ಟನೆ ಕಣ್ಣಿಗೆ ಬೀಳುವ ಹಾಗೆ, ನಿನ್ನೆ ಓದಿದ ಒಂದು ಮಾತು ಕಿವಿಗೆ ಬೀಳುತ್ತದೆ.

ಯಾವ ಭಾಗ ಅಂತ ಹುಡುಕುವ ಕಷ್ಟವೂ ಇಲ್ಲ. ಚರ್ಚಿನಲ್ಲಿ ಸಿಗುವ ಗೋಡೆ ಕ್ಯಾಲೆಂಡರ್ ನೋಡಿ. ಭಾನುವಾರದ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ವಾಚನಗಳ ಅಧ್ಯಾಯ, ವಚನ ಹಾಕಿರುತ್ತಾರೆ. ಫೋನಿನಲ್ಲೂ ಸಿಗುತ್ತದೆ. ಆದರೆ ಓದುವುದು ಮಾತ್ರ ಪುಸ್ತಕದಲ್ಲೇ ಇರಲಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಈ ವಾಚನಗಳನ್ನು ಹೇಗೆ ಜೋಡಿಸಿದ್ದಾರೆ ಅನ್ನುವುದು ತಿಳಿದಿರಲಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಒದ್ದಾಡುತ್ತಾರೆ. ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಪ್ರತಿವರ್ಷವೂ ಅವೇ ವಾಚನಗಳು ತಿರುಗಿ ಬರುತ್ತಿದ್ದವು. ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆ, ಅಂದರೆ ಯೇಸುವಿಗೆ ಮುಂಚಿನ ಬೈಬಲ್ ಭಾಗ, ಕೇಳುವುದೇ ಅಪರೂಪ. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ, ಬೈಬಲಿನ ಭಂಡಾರವನ್ನು ಜನರಿಗೆ ಇನ್ನೂ ಧಾರಾಳವಾಗಿ ತೆರೆದಿಡಬೇಕು ಎಂದು ಹೇಳಿತು. ಅದರಂತೆ 1969ರಲ್ಲಿ ಹೊಸ ಜೋಡಣೆ ಬಂತು. ಈಗ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗುತ್ತವೆ. ಆ ಮೂರು ವರ್ಷಗಳಿಗೆ ಎ, ಬಿ, ಸಿ ಅಂತ ಹೆಸರು. ಎ ವರ್ಷ ಮತ್ತಾಯನ ಶುಭಸಂದೇಶ, ಬಿ ವರ್ಷ ಮಾರ್ಕನದು, ಸಿ ವರ್ಷ ಲೂಕನದು. ಯೊವಾನ್ನನ ಶುಭಸಂದೇಶ ಹೆಚ್ಚಾಗಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲೂ ಈಸ್ಟರಿನಿಂದ ಶುರುವಾಗುವ ಪಾಸ್ಖ ಕಾಲದಲ್ಲೂ ಬರುತ್ತದೆ. ಇಸವಿ ಮೂರರಿಂದ ಭಾಗವಾದರೆ ಅದು ಸಿ ವರ್ಷ. 2025 ಹಾಗೆ ಸಿ ವರ್ಷ, 2026 ಎ ವರ್ಷ. ಎಣಿಕೆ ಮಾತ್ರ ಜನವರಿಯಿಂದ ಅಲ್ಲ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದಿಂದ. 2026ರ ಎ ವರ್ಷ ಶುರುವಾದದ್ದು 2025ರ ನವೆಂಬರ್ 30ಕ್ಕೆ.

ಇನ್ನು ಮುಖ್ಯ ಮಾತು. ಸಾಧಾರಣ ಕಾಲದ, ಅಂದರೆ ಇಂಥ ವಿಶೇಷ ಕಾಲಗಳ ಹೊರಗಿನ, ಭಾನುವಾರಗಳಲ್ಲಿ ಮೊದಲನೇ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಹಳೆಯ ಒಡಂಬಡಿಕೆಯಿಂದ ಆರಿಸಿರುತ್ತಾರೆ. ಕೀರ್ತನೆ ಆ ಮೊದಲ ವಾಚನಕ್ಕೆ ನಾವು ಕೊಡುವ ಉತ್ತರ. ಎರಡನೇ ವಾಚನದ ದಾರಿ ಬೇರೆ. ಸಂತ ಪೌಲರದೋ ಯಕೋಬನದೋ ಒಂದು ಪತ್ರ ವಾರದಿಂದ ವಾರಕ್ಕೆ ಮುಂದುವರಿಯುತ್ತಾ ಹೋಗುತ್ತದೆ. ಆ ದಿನದ ಶುಭಸಂದೇಶಕ್ಕೂ ಅದಕ್ಕೂ ಬೇಕಂತಲೇ ಮಾಡಿದ ಸಂಬಂಧ ಇಲ್ಲ. ಮೂರನ್ನೂ ಒಂದೇ ದಾರಕ್ಕೆ ಪೋಣಿಸಲು ಹೋಗಿ ಸೋತವರು ಎಷ್ಟು ಜನ ನನ್ನ ಹತ್ತಿರ ಬಂದಿದ್ದಾರೋ! ದೊಡ್ಡ ಹಬ್ಬಗಳು, ಆಗಮನ ಕಾಲ, ತಪಸ್ಸು ಕಾಲ ಬಿಟ್ಟರೆ ಪೋಣಿಸುವ ಅಗತ್ಯವೇ ಇಲ್ಲ. ಹಾಗಾಗಿ ಹತ್ತು ನಿಮಿಷದವರು ಶುಭಸಂದೇಶ ಓದಿ, ಆಮೇಲೆ ಮೊದಲನೇ ವಾಚನ ಓದಿ. ಇವೆರಡನ್ನು ಯಾಕೆ ಪಕ್ಕಪಕ್ಕ ಇಟ್ಟರು ಅಂತ ಕೇಳಿಕೊಳ್ಳಿ. ಅಷ್ಟೇ ಸಾಕು. ಪ್ರತಿದಿನದ ಪೂಜೆಯ ವಾಚನಗಳು ಬೇರೆ ಸರಣಿ, ಎರಡು ವರ್ಷದ್ದು. ಸಮಯ ಇಲ್ಲದವರು ಅದನ್ನು ಈಗಲೇ ಹಿಡಿಯುವುದು ಬೇಡ. (ಬೇರೆ ಸಭೆಗಳ ಓದುಗರಿಗೂ ಒಂದು ಮಾತು. 1992ರಲ್ಲಿ ಹಲವು ಸಭೆಗಳು ಸೇರಿ ಮಾಡಿದ, ಬಹಳಷ್ಟು ಪ್ರಾಟೆಸ್ಟೆಂಟ್ ಸಭೆಗಳು ಬಳಸುವ ಮೂರು ವರ್ಷದ ಪಟ್ಟಿಯೂ ಇದರ ನಂಟಿನದೇ. ಎಷ್ಟೋ ಭಾನುವಾರ ಎರಡೂ ಕಡೆ ಒಂದೇ ಸುವಾರ್ತೆ ಓದುತ್ತಾರೆ.)

ಈಗ ಒಂದು ಭಾನುವಾರವನ್ನು ಕೈಯಲ್ಲಿ ಹಿಡಿದು ನೋಡೋಣ. ನಿಮ್ಮ ಕೆಲಸ ಏನು ಅಂತ ಓದಿದ ಕೂಡಲೇ ನನಗೆ ನೆನಪಾದದ್ದು ಎ ವರ್ಷದ ಸಾಧಾರಣ ಕಾಲದ 25ನೇ ಭಾನುವಾರ. 2026ರಲ್ಲಿ ಅದು ಸೆಪ್ಟೆಂಬರ್ 20. ಶುಭಸಂದೇಶ ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಆಳುಗಳ ಸಾಮತಿ, ಅಂದರೆ ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆ.

ಕಥೆ ನಿಮಗೆ ಗೊತ್ತಿದೆ. ಯಜಮಾನ ಬೆಳಗಾಗುತ್ತಲೇ ಪೇಟೆ ಚೌಕಕ್ಕೆ ಹೋಗಿ ದಿನಕ್ಕೆ ಒಂದು ದೆನಾರಿಯಸ್ ನಾಣ್ಯ ಅಂತ ಮಾತಾಡಿ ಆಳುಗಳನ್ನು ತರುತ್ತಾನೆ. ಅದು ಆಗಿನ ಒಂದು ದಿನದ ಕೂಲಿ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗುತ್ತಾನೆ. ಕಡೆಗೆ ಐದಕ್ಕೂ ಹೋಗುತ್ತಾನೆ. ಸಂಜೆ ಎಲ್ಲರಿಗೂ ಒಂದೊಂದೇ ನಾಣ್ಯ. ಅದೂ ಕೊನೆಗೆ ಬಂದವರಿಂದ ಶುರು. ಬಿಸಿಲಲ್ಲಿ ದಿನವಿಡೀ ದುಡಿದವರು ಗೊಣಗುತ್ತಾರೆ.

ಇದನ್ನು ಓದಿ ನಾವು ಮಾಡುವ ಮೊದಲ ತಪ್ಪು, ತಕ್ಷಣ ನೀತಿ ತೆಗೆಯುವುದು. "ದೇವರು ಉದಾರಿ, ನಾವೂ ಉದಾರಿಗಳಾಗಬೇಕು." ಮುಗಿಯಿತು. ಮಾತು ಸುಳ್ಳಲ್ಲ. ಆದರೆ ಹಾಗೆ ನೀತಿ ತೆಗೆದ ಕ್ಷಣಕ್ಕೆ ಕಥೆಯನ್ನು ಮುಚ್ಚಿಟ್ಟ ಹಾಗಾಗುತ್ತದೆ. ನಿಮ್ಮ ಕೂಟದಲ್ಲಿ ಆಗುತ್ತಿರುವುದೂ ಇದೇ. "ಪ್ರೀತಿಯಿಂದ ಇರಬೇಕು" ಅನ್ನುವುದನ್ನು ಯಾವ ವಾಚನ ಓದಿದರೂ ಹೇಳಬಹುದು, ಓದದೆಯೂ ಹೇಳಬಹುದು. ವಾಚನ ಕೇಳಿದ್ದಕ್ಕೆ ಗುರುತೇ ಅದರಲ್ಲಿ ಉಳಿಯುವುದಿಲ್ಲ.

ಅದರ ಬದಲು ಮೊದಲ ಕೆಲಸವಾಗಿ ಒಂದು ಚಿಕ್ಕ ವಿವರ ಹಿಡಿಯಿರಿ. ನಿಮಗೆ ಚುಚ್ಚಿದ್ದು, ಅರ್ಥವಾಗದ್ದು, ಇಷ್ಟವಾಗದ್ದು, ಯಾವುದಾದರೂ ಸರಿ. ಅದನ್ನು ಬಿಡಬೇಡಿ.

ಬೆಂಗಳೂರಿನಲ್ಲಿ ನಾನು ಕೆಲವು ವರ್ಷ ಒಂದು ಬಡಾವಣೆಯ ಕೂಟ ನಡೆಸುತ್ತಿದ್ದೆ. ಒಂದು ಸಲ ಇದೇ ಸಾಮತಿ ಬಂತು. ನಾವು ನಾಲ್ಕೈದು ಜನ ಓದಿದವರು ನ್ಯಾಯ, ಉದಾರತೆ ಅಂತ ಮಾತಾಡುತ್ತಿದ್ದೆವು. ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಕ್ಕ, ಗಾರೆ ಕೆಲಸದವರು, ಕೈ ಎತ್ತಿದರು. "ಟೀಚರ್, ಐದು ಗಂಟೆವರೆಗೆ ನಿಂತಿದ್ರಲ್ಲ, ಅವ್ರು ಸೋಮಾರಿಗಳಲ್ಲ" ಅಂದರು. ಆಮೇಲೆ ನಿಧಾನವಾಗಿ ಹೇಳಿದರು. ಬೆಳಗ್ಗೆ ಆರಕ್ಕೆ ಬುತ್ತಿ ಕಟ್ಟಿಕೊಂಡು ಸರ್ಕಲ್ಲಿಗೆ ಹೋಗಿ ನಿಲ್ಲುವುದು. ಮೇಸ್ತ್ರಿಗಳು ಬಂದು ಗಟ್ಟಿ ಆಳುಗಳನ್ನು ಆರಿಸಿಕೊಂಡು ಹೋಗುವುದು. ಹತ್ತಾದರೆ ಆಸೆ ಬಿಟ್ಟ ಹಾಗೆ. "ಆದ್ರೂ ಮನೆಗೆ ಹೋಗಕ್ಕೆ ಕಾಲು ಬರಲ್ಲ. ಹೋದ್ರೆ ಮಕ್ಕಳು ಮುಖ ನೋಡಲ್ಲ ಟೀಚರ್, ಕೈ ನೋಡ್ತವೆ."

ಕೋಣೆ ನಿಶ್ಶಬ್ದವಾಯಿತು. ನಾನು ಆ ಸಾಮತಿಯನ್ನು ಅಷ್ಟು ವರ್ಷ ಪಾಠ ಮಾಡಿದ್ದೆ. ಏಳನೇ ವಚನದಲ್ಲಿ "ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ" ಅಂತ ಅವರು ಹೇಳುವ ಮಾತಿದೆ. ಅದನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಒಂದು ಗಂಟೆಯ ಕೂಲಿ ಕೊಟ್ಟಿದ್ದರೆ ಆ ಮನೆಯಲ್ಲಿ ಅವತ್ತು ಒಲೆ ಉರಿಯುತ್ತಿರಲಿಲ್ಲ. ಒಂದು ನಾಣ್ಯ ಅಂದರೆ ಒಂದು ದಿನದ ಊಟ. ಯಜಮಾನ ಲೆಕ್ಕ ಹಾಕಿದ್ದು ಗಂಟೆಯನ್ನಲ್ಲ, ಒಲೆಯನ್ನು. ಅದನ್ನು ನನಗೆ ಕಲಿಸಿದ್ದು ಆ ಅಕ್ಕ.

ಎರಡನೇ ಕೆಲಸ, ವಾಚನದ ಹಿಂದೆ ಮುಂದೆ ನೋಡುವುದು. ಪುಸ್ತಕದಲ್ಲೇ ಓದಿ ಅಂದದ್ದು ಇದಕ್ಕೆ. ಫೋನಿನಲ್ಲಿ ಆ ದಿನದ ತುಂಡು ಮಾತ್ರ ಕಾಣುತ್ತದೆ. ಪುಸ್ತಕದಲ್ಲಿ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಈ ಸಾಮತಿಗೆ ಸ್ವಲ್ಪ ಮೇಲೆ, 19ನೇ ಅಧ್ಯಾಯದ 27ನೇ ವಚನದಲ್ಲಿ ಶಿಷ್ಯ ಪೇತ್ರ ಯೇಸುಸ್ವಾಮಿಯನ್ನು ಕೇಳುತ್ತಾನೆ, ನಾವು ಎಲ್ಲವನ್ನೂ ಬಿಟ್ಟು ನಿಮ್ಮ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ? ಸಾಮತಿ ಮುಗಿದು ಸ್ವಲ್ಪ ಕೆಳಗೆ, ಜೆಬೆದಾಯನ ಮಕ್ಕಳಾದ ಇಬ್ಬರು ಶಿಷ್ಯರ ತಾಯಿ ಬಂದು ನನ್ನ ಮಕ್ಕಳಿಬ್ಬರನ್ನೂ ನಿಮ್ಮ ಬಲಕ್ಕೂ ಎಡಕ್ಕೂ ಕೂರಿಸಿ ಅಂತ ಬೇಡುತ್ತಾಳೆ. ಈ ಎರಡು ಲೆಕ್ಕಾಚಾರದ ಮಧ್ಯೆ ಯೇಸುಸ್ವಾಮಿ ಈ ಕಥೆ ಹೇಳಿದ್ದು. ಚರ್ಚಿನಲ್ಲಿ ವಾಚನ 20ನೇ ಅಧ್ಯಾಯದಿಂದ ಶುರುವಾಗುವುದರಿಂದ ಪೇತ್ರನ ಪ್ರಶ್ನೆ ನಮಗೆ ಕೇಳಿಸುವುದೇ ಇಲ್ಲ. ಬೆಳಗ್ಗೆಯಿಂದ ದುಡಿದ ಆಳು ಅಂದರೆ ಮೊದಲಿಗೆ ಪೇತ್ರ. ಹುಟ್ಟಿದಾಗಿನಿಂದ ಚರ್ಚಿಗೆ ಹೋಗುವ ನಾವೂ ಅದೇ ಸಾಲಿನಲ್ಲಿ ಇದ್ದೇವೆ, ಅಲ್ವಾ?

ಗೊಣಗಿದವನಿಗೆ ಯಜಮಾನ "ಗೆಳೆಯಾ" ಅನ್ನುತ್ತಾನೆ. ಮೂಲ ಗ್ರೀಕಿನಲ್ಲಿರುವ ಆ ಪದ ಮತ್ತಾಯನಲ್ಲಿ ಕರೆಯುವ ಮಾತಾಗಿ ಮೂರೇ ಕಡೆ ಬರುತ್ತದೆ. ಇಲ್ಲಿ ಒಂದು. ಮದುವೆ ಬಟ್ಟೆ ಇಲ್ಲದೆ ಔತಣಕ್ಕೆ ಬಂದವನಿಗೆ ಒಂದು. ಗೆತ್ಸೆಮನೆ ತೋಟದಲ್ಲಿ ಮುತ್ತಿಕ್ಕಿ ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಒಂದು. ಹತ್ತಿರ ಇದ್ದೂ ದೂರವಾದವರನ್ನು ಕರೆಯುವ ಪದ ಅದು. ನನಗೆ ಇದು ತಿಳಿದ ದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮೂರನೆಯದು ನಿಮಗೆ ಅಂತಲೇ ಹೇಳುತ್ತಿರುವುದು. ಕಥೆಯಲ್ಲಿ ನೀವು ಎಲ್ಲಿ ನಿಂತಿದ್ದೀರಿ? ಸಾಮಾನ್ಯವಾಗಿ ಎಲ್ಲರೂ ತಮ್ಮನ್ನು ಆಳುಗಳಲ್ಲಿ ಹುಡುಕುತ್ತಾರೆ. ಆದರೆ ಎಂಟನೇ ವಚನ ನೋಡಿ. ಸಂಜೆಯಾದಾಗ ಯಜಮಾನ ತನ್ನ ಮೇಲ್ವಿಚಾರಕನನ್ನು ಕರೆದು, ಆಳುಗಳನ್ನು ಕರೆ, ಕೂಲಿ ಕೊಡು ಅನ್ನುತ್ತಾನೆ. ಆ ಮೇಲ್ವಿಚಾರಕ ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ನಾಣ್ಯ ಒಬ್ಬೊಬ್ಬರ ಅಂಗೈಗೆ ಹೋಗುವುದು ಮಾತ್ರ ಅವನ ಕೈಯಿಂದ. ಆ ಮುಖಗಳನ್ನು ಹತ್ತಿರದಿಂದ ನೋಡುವವನು ಅವನು. ಅವನೇ ತೋಟದ ರೈಟರ್.

ಶನಿವಾರ ಬಟವಾಡೆಯ ಹೊತ್ತಿನಲ್ಲಿ ಆ ಜಾಗದಲ್ಲಿ ಕೂರುವವರು ನೀವು. ವಾಚನ ಬದುಕಿಗೆ ಬರುವ ಬಾಗಿಲು ಅಲ್ಲಿದೆ. ಬೇರೆ ಎಲ್ಲೂ ಹುಡುಕಬೇಕಾಗಿಲ್ಲ.

ಕೂಲಿ ಎಷ್ಟು ಅಂತ ತೀರ್ಮಾನಿಸುವವರು ನೀವಲ್ಲ, ಗೊತ್ತು. ಮಾಲೀಕರ ದುಡ್ಡಿನಲ್ಲಿ ನೀವು ಉದಾರಿ ಆಗಲು ಬರುವುದಿಲ್ಲ, ಆಗಲೂಬಾರದು. ಹಾಗಾದರೆ ನಿಮ್ಮ ಕೈಯಲ್ಲಿ ಇರುವುದು ಏನು? ಒಂದು ಸಂಜೆ ಕೂತು ಅದನ್ನು ಬರೆಯಿರಿ. ಬಟವಾಡೆಗೆ ಜನ ಎಷ್ಟು ಹೊತ್ತು ನಿಂತು ಕಾಯುತ್ತಾರೆ? ಯಾರನ್ನು ಮೊದಲು ಕರೆಯುತ್ತೀರಿ? ಮಗುವಿಗೆ ಜ್ವರ ಅಂತ ತಡವಾಗಿ ಬಂದವಳಿಗೆ ಅರ್ಧ ದಿನ ಬರೆಯುವ ಮುಂಚೆ ಒಂದು ಮಾತು ಕೇಳುತ್ತೀರಾ? ಅಸ್ಸಾಂ, ಜಾರ್ಖಂಡಿನಿಂದ ಬಂದ ಹುಡುಗರಿಗೆ ಕನ್ನಡದ ಹಾಜರಿ ಪುಸ್ತಕದಲ್ಲಿ ತಮ್ಮ ಲೆಕ್ಕ ಹೇಗಿದೆ ಅಂತ ಯಾರಾದರೂ ತೋರಿಸುತ್ತಾರಾ? ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೇ ಅಧ್ಯಾಯ, ಬಡ ಆಳಿನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಟ್ಟುಬಿಡು, ಅವನ ಮನಸ್ಸು ಅದರ ಮೇಲೇ ಇರುತ್ತದೆ ಅನ್ನುತ್ತದೆ. ಸಾಮತಿಯ ಯಜಮಾನ ಸಂಜೆಯೇ ಕೂಲಿ ಕೊಡಿಸುವುದು ಈ ಕಟ್ಟಳೆಯಂತೆಯೇ.

ಈಗ ಮೂರು ವರ್ಷದ ಸುತ್ತು ನಿಮ್ಮ ತೋಟಕ್ಕೆ ಹೇಗೆ ಬರುತ್ತದೆ ನೋಡಿ. ಎ ವರ್ಷ ಈ ಸಾಮತಿ. ಬಿ ವರ್ಷ 26ನೇ ಭಾನುವಾರ, ಎರಡನೇ ವಾಚನದಲ್ಲಿ ಯಕೋಬನ ಪತ್ರದ 5ನೇ ಅಧ್ಯಾಯ. ನೀವು ಹಿಡಿದಿಟ್ಟುಕೊಂಡ ಕೊಯ್ಲಿನ ಆಳುಗಳ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ ಯಕೋಬ ಗುಡುಗುತ್ತಾನೆ. ಸಿ ವರ್ಷ 25ನೇ ಭಾನುವಾರ, ಮೊದಲನೇ ವಾಚನದಲ್ಲಿ ಪ್ರವಾದಿ ಆಮೋಸ. ಅಳತೆ ಕಿರಿದು ಮಾಡಿ, ಬೆಲೆ ಹೆಚ್ಚಿಸಿ, ಕಳ್ಳ ತಕ್ಕಡಿ ಹಿಡಿಯುವವರನ್ನು ಅವನು ಬಿಡುವುದಿಲ್ಲ. ಅದರ ಜೊತೆಗಿಟ್ಟ ಶುಭಸಂದೇಶ ಲೂಕ 16, ಲೆಕ್ಕದ ಪತ್ರ ತಿದ್ದಿದ ಮೇಲ್ವಿಚಾರಕನ ಕಥೆ. ಮತ್ತೆ ರೈಟರ್! ಮೂರೂ ಬರುವುದು ಸೆಪ್ಟೆಂಬರ್ ಎರಡನೇ ಅರ್ಧದಲ್ಲಿ, ಹೆಚ್ಚೆಂದರೆ ಅಕ್ಟೋಬರ್ ಮೊದಲ ದಿನ. ಅಂದರೆ ನಿಮ್ಮಲ್ಲಿ ಕಾಫಿ ಕೊಯ್ಲು ಶುರುವಾಗುವುದಕ್ಕೆ ಮುಂಚೆ.

ಕೊಯ್ಲಿನ ಕಾಲದಲ್ಲಿ ಕೆಜಿ ಲೆಕ್ಕದ ಕೂಲಿ ಇರುತ್ತದೆ. ಸಂಜೆ ಬೆನ್ನು ಬಗ್ಗಿಸಿ ಚೀಲ ಹೊತ್ತು ತರುತ್ತಾರೆ, ತಕ್ಕಡಿಗೆ ಇಡುತ್ತಾರೆ. ಮುಳ್ಳು ಅತ್ತಿತ್ತ ಆಡುವಾಗ ಅವರ ಕಣ್ಣು ಅಲ್ಲೇ ಇರುತ್ತದೆ. ಚೀಲದ ತೂಕ ಅಂತ, ಎಲೆ ಕಡ್ಡಿ ಅಂತ ಎಷ್ಟು ಕಳೆಯಬೇಕು ಅನ್ನುವುದು ಬರೆಯುವವರ ಪೆನ್ನಿನಲ್ಲಿ. ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಆಮೋಸನ ಮಾತನ್ನು ಓದಿ ಮಡಿಸಿಡುವ ಬದಲು, ಆ ತಕ್ಕಡಿಯ ಮುಂದೆ ನಿಂತು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿ. ಎರಡು ಸಾವಿರದ ಏಳುನೂರು ವರ್ಷಕ್ಕೂ ಹಿಂದಿನ ಮಾತು ನಿಮ್ಮ ಕಣದಲ್ಲಿ ಹೇಗೆ ಕೇಳುತ್ತದೆ ಅಂತ ನಿಮಗೇ ತಿಳಿಯುತ್ತದೆ.

ಇನ್ನು ಸೋಮವಾರದಿಂದ ಶುಕ್ರವಾರ. ಇಲ್ಲಿ ನಿಮ್ಮ ಹತ್ತು ನಿಮಿಷ. ದಿನಾ ಹೊಸದೇನೂ ಓದಬೇಡಿ. ಶನಿವಾರ ಹಿಡಿದ ಆ ಒಂದು ಮಾತನ್ನೇ ಮತ್ತೆ ಮತ್ತೆ ಬಾಯಲ್ಲಿ ಆಡಿಸಿ. ಮೊದಲನೇ ಕೀರ್ತನೆಯಲ್ಲಿ, ಪ್ರಭುವಿನ ಕಟ್ಟಳೆಯನ್ನು ಹಗಲಿರುಳು ಧ್ಯಾನಿಸುವವನು ಧನ್ಯ ಅಂತ ಇದೆ. ಧ್ಯಾನ ಅಂದಕೂಡಲೆ ನಮಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ನೆನಪಾಗುತ್ತದೆ. ಆದರೆ ಅಲ್ಲಿರುವ ಹೀಬ್ರೂ ಪದದ ಅರ್ಥ ಗುನುಗುವುದು, ಗೊಣಗುಟ್ಟುವುದು. ಪ್ರವಾದಿ ಯೆಶಾಯನ ಗ್ರಂಥದ 31ನೇ ಅಧ್ಯಾಯದಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಗುರುಗುಟ್ಟುವುದಕ್ಕೂ ಅದೇ ಪದ. ಅಂದರೆ ತುಟಿ ಆಡಬೇಕು, ದನಿ ಹೊರಡಬೇಕು. ಹಾಗಾಗಿ "ಯಾರೂ ನಮ್ಮನ್ನು ಕರೆಯಲಿಲ್ಲ" ಅಂತ ತೋಟದ ದಾರಿಯಲ್ಲಿ ನಡೆಯುತ್ತಾ ಮೆಲ್ಲಗೆ ಹೇಳಿಕೊಳ್ಳಿ. ಬೈಕಿನಲ್ಲಿ ಹೋಗುವಾಗ ಹೇಳಿಕೊಳ್ಳಿ. 12ನೇ ಶತಮಾನದ ಫ್ರಾನ್ಸಿನ ಸನ್ಯಾಸಿ ಎರಡನೇ ಗೈಗೋ ಇದನ್ನು ಊಟಕ್ಕೆ ಹೋಲಿಸಿದರು. ಓದುವುದು ತುತ್ತು ಬಾಯಿಗಿಡುವುದು, ಧ್ಯಾನ ಅಗಿಯುವುದು, ಪ್ರಾರ್ಥನೆ ರುಚಿ ಹತ್ತುವುದು. ನಾಲ್ಕನೆಯದು ಆ ಸವಿಯೇ ಆಗಿ ಸುಮ್ಮನಿರುವುದು. ನಮ್ಮಲ್ಲಿ ಮೆಲುಕು ಹಾಕುವುದು ಅಂತ ಎಷ್ಟು ಚಂದದ ಮಾತಿದೆ. ಹಸು ಬೆಳಗ್ಗೆ ಮೇಯ್ದದ್ದನ್ನು ಮಧ್ಯಾಹ್ನ ನೆರಳಲ್ಲಿ ಕೂತು ಅಗಿಯುತ್ತದಲ್ಲ, ಹಾಗೆ.

ಕೆಲವು ವಾರ ಏನೂ ಆಗುವುದಿಲ್ಲ. ಮಾತು ಒಣಗಿದ ಹಾಗೆ ಇರುತ್ತದೆ. ಗಾಬರಿ ಬೇಡ, ಬಲವಂತವಾಗಿ ಅರ್ಥ ಹಿಂಡಬೇಡಿ. ಇನ್ನು ಕೆಲವು ವಾರ ಗುರುವಾರ ಮಧ್ಯಾಹ್ನ ಯಾರೋ ತಡವಾಗಿ ಬಂದು ತಲೆ ತಗ್ಗಿಸಿ ನಿಂತಾಗ, ಬಾಯಿಗೆ ಬರುತ್ತಿದ್ದ ಬೈಗುಳ ತಡೆದು ನಿಲ್ಲುತ್ತದೆ. ನೀವು ಕೇಳಿದ "ಬದುಕಿಗೆ ತರುವುದು" ಅಷ್ಟು ಸಣ್ಣದಾಗಿಯೇ ಶುರುವಾಗುವುದು.

ಶುಕ್ರವಾರದ ಹೊತ್ತಿಗೆ ಒಂದು ಕೆಲಸ ಗೊತ್ತು ಮಾಡಿಕೊಳ್ಳಿ. ಅದಕ್ಕೆ ಒಬ್ಬರ ಹೆಸರಿರಬೇಕು, ಒಂದು ದಿನ ಇರಬೇಕು. "ಇನ್ನು ಮುಂದೆ ಎಲ್ಲರ ಜೊತೆ ತಾಳ್ಮೆಯಿಂದ ಇರುತ್ತೇನೆ" ಅಂದರೆ ಸೋಮವಾರ ಒಂಬತ್ತಕ್ಕೇ ಮುರಿಯುತ್ತದೆ. "ನಾಳೆ ಬಟವಾಡೆಯಲ್ಲಿ ಕೂಲಿಗಳ ಸಾಲುಮನೆ ಲೈನಿನ ಕೊನೆ ಮನೆಯವರನ್ನು ಮೊದಲು ಕರೆಯುತ್ತೇನೆ" ಅಂದರೆ ಆಯಿತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಒಂದು ನೂರು ಪುಟದ ನೋಟ್‌ಬುಕ್ ಇಡಿ. ತಾರೀಖು, ಹಿಡಿದ ಮಾತು, ಮಾಡಿದ ಕೆಲಸ. ಮೂರು ಸಾಲು ಸಾಕು. ಮೂರು ವರ್ಷ ಕಳೆದು ಅದೇ ವಾಚನ ಬಂದಾಗ ಹಳೆಯ ಪುಟ ತಿರುವಿ. ನನ್ನ ಹತ್ತಿರ ಹಾಗೆ ತುಂಬಿದ ಪುಸ್ತಕಗಳಿವೆ. ಒಂದೇ ಸಾಮತಿಯ ಕೆಳಗೆ ಬೇರೆ ಬೇರೆ ವಯಸ್ಸಿನ ನನ್ನ ಅಕ್ಷರ ನೋಡುವಾಗ ದೇವರು ನನ್ನನ್ನು ಎಲ್ಲಿಂದ ಎಲ್ಲಿಗೆ ಕರೆತಂದರು ಅಂತ ಕಾಣುತ್ತದೆ.

ಒಂದು ಎಚ್ಚರಿಕೆಯ ಮಾತು. ವಾಚನವನ್ನು ಬದುಕಿಗೆ ಅನ್ವಯಿಸುವ ಹೆಸರಲ್ಲಿ ಇನ್ನೊಬ್ಬರ ತಲೆಯ ಮೇಲೆ ಹೊರಿಸುವ ಅಭ್ಯಾಸ ನಮ್ಮಲ್ಲಿ ಇದೆ. ಇದರಿಂದ ಆದ ನೋವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎ ವರ್ಷದ 24ನೇ ಭಾನುವಾರ, ಏಳು ಸಲ ಅಲ್ಲ, ಲೆಕ್ಕವಿಲ್ಲದಷ್ಟು ಸಲ ಕ್ಷಮಿಸು ಅನ್ನುವ ಶುಭಸಂದೇಶ ಬರುತ್ತದೆ. ಗಂಡನಿಂದ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಅದೇ ಮಾತು ತೋರಿಸಿ "ಹೊಂದಿಕೊಂಡು ಹೋಗಮ್ಮ" ಅಂತ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಅದು ವಾಕ್ಯವನ್ನು ಬಾಳಿದ್ದಲ್ಲ. ಅದಕ್ಕೆ ಒಂದು ವಾರ ಹಿಂದಿನ ಶುಭಸಂದೇಶ ತೆಗೆದು ನೋಡಿ. ಅದೂ ಮತ್ತಾಯನ ಅದೇ 18ನೇ ಅಧ್ಯಾಯ, 15ನೇ ವಚನದಿಂದ. ತಪ್ಪು ಮಾಡಿದವನಿಗೆ ನೇರವಾಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೇ ತಿಳಿಸು. ತಪ್ಪನ್ನು ಬೆಳಕಿಗೆ ತರುವ ಮಾತು ಮೊದಲು, ಕ್ಷಮೆಯ ಮಾತು ಆಮೇಲೆ. ಹೊಡೆತ ತಿನ್ನುತ್ತಿರುವವರಿಗೆ ಮೊದಲು ಬೇಕಾದದ್ದು ರಕ್ಷಣೆ. ನಿಮ್ಮ ಲೈನ್ ಮನೆಗಳಲ್ಲಿ ಅಂಥವರು ಇದ್ದರೆ 181 ಮಹಿಳಾ ಸಹಾಯವಾಣಿಯ ನಂಬರ್ ಬರೆದುಕೊಡಿ. ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬದ ಹಬ್ಬದಲ್ಲಿ "ಹೆಂಡತಿಯರೇ, ಅಧೀನರಾಗಿರಿ" ಅನ್ನುವ ಸಾಲು ಕೇಳಿದಾಗಲೂ ಅಷ್ಟೇ, ಅದರ ಮುಂದಿನ ಸಾಲಿನಲ್ಲಿ ಗಂಡಂದಿರಿಗೆ ಹೇಳಿದ್ದನ್ನು ಬಿಟ್ಟು ಓದಬೇಡಿ. ವಾಚನ ಓದಿ "ಇದು ಪಕ್ಕದ ಮನೆಯವರಿಗೆ ಸರಿಯಾಗಿದೆ" ಅನಿಸಿದರೆ, ಇನ್ನೊಮ್ಮೆ ಮೊದಲಿನಿಂದ ಓದಿ.

ನಿಮ್ಮ ಕೂಟದ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಆಫ್ರಿಕಾದ ಲುಮ್ಕೋ ಅನ್ನುವ ಕಥೋಲಿಕ ಸಂಸ್ಥೆಯವರು ರೂಪಿಸಿದ, ಕೂಟದಲ್ಲಿ ಬೈಬಲ್ ಓದುವ ಏಳು ಹೆಜ್ಜೆಯ ಕ್ರಮ ಇದೆ. ನಮ್ಮ ಧರ್ಮಕೇಂದ್ರಗಳಲ್ಲಿ ಅದು ಹೊಸದೇನಲ್ಲ. ಆದರೆ ಅವಸರದಲ್ಲಿ ಎರಡು ಹೆಜ್ಜೆ ಹಾರಿಸಿಬಿಡುತ್ತೇವೆ. ಒಂದು ಮೂರನೆಯದು. ವಾಚನ ಓದಿದ ಮೇಲೆ ಯಾರೂ ವಿವರಣೆ ಕೊಡದೆ, ತಮಗೆ ತಟ್ಟಿದ ಒಂದೆರಡು ಪದವನ್ನು ಮಾತ್ರ ಮೂರು ಸಲ ನಿಧಾನವಾಗಿ ಹೇಳುವುದು. "ಯಾರೂ ಕರೆಯಲಿಲ್ಲ... ಯಾರೂ ಕರೆಯಲಿಲ್ಲ... ಯಾರೂ ಕರೆಯಲಿಲ್ಲ." ಅಷ್ಟೇ. ಉಪದೇಶ ಮಾಡುವ ಚಪಲಕ್ಕೆ ಅಲ್ಲಿ ಜಾಗವೇ ಇಲ್ಲ. ಮಾತು ಬಾರದವರಿಗೂ ಬಾಯಿ ಬರುತ್ತದೆ. ಇನ್ನೊಂದು ಆರನೆಯದು. ಈ ವಾರ ನಾವು ಸೇರಿ ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಯಾವಾಗ ಅಂತ ತೀರ್ಮಾನಿಸುವುದು. ಮುಂದಿನ ಸಲ ಕೂಡಿದಾಗ "ಆ ಕೆಲಸ ಏನಾಯ್ತು?" ಅಂತಲೇ ಶುರು ಮಾಡಿ. ಮುಂದಿನ ಕೂಟದಲ್ಲಿ ನೀವೇ ಈ ಎರಡನ್ನು ಕೇಳಿ ನೋಡಿ. ಟೀ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ.

ಕೊನೆಗೆ ಅಮ್ಮ. ಅವರಿಗೆ ಓದು ಬರುವುದಿಲ್ಲ ಅನ್ನುವುದು ಇಲ್ಲಿ ದೊಡ್ಡ ಅಡ್ಡಿ ಏನೂ ಅಲ್ಲ. ಯೇಸುಸ್ವಾಮಿಯ ಸಾಮತಿಗಳನ್ನು ಮೊದಲು ಕೇಳಿದವರಲ್ಲಿ ಬಹಳ ಜನ ಓದು ಬಾರದವರೇ. ಶನಿವಾರ ಬಟವಾಡೆ ಮುಗಿಸಿ ಬಂದು, ಕೈಕಾಲು ತೊಳೆದು, ಅವರ ಪಕ್ಕ ಕೂತು ಜೋರಾಗಿ ಓದಿ. ಅವಸರ ಬೇಡ, ಎರಡು ಸಲ ಓದಿ. ನೀವು ವಿವರಿಸಲು ಹೋಗಬೇಡಿ. ದ್ರಾಕ್ಷಿತೋಟದ ಕಥೆ ಬಂದ ದಿನ, ಸಂಜೆ ಕೂಲಿ ಕೊಡುವ ಎಂಟನೇ ವಚನಕ್ಕೆ ನಿಲ್ಲಿಸಿ, "ಅಮ್ಮ, ನಿಮ್ಮ ಕಾಲದಲ್ಲಿ ರೈಟರು ಹೇಗೆ ಕೊಡ್ತಿದ್ರು?" ಅಂತ ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಆಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಭಾನುವಾರದ ತಾರೀಖು ಹಾಕಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಒಮ್ಮೆ ಅವರಿಗೆ ಓದಿ ಹೇಳಿ.